ಪಕ್ಕದ ಮನೆಯ ಗೋಡೆ ಕುಸಿದಾಗ: ಕಟ್ಟಡ ಗುತ್ತಿಗೆದಾರರ ಹೊಣೆ ವಿಮೆ, ಒಂದು ಪ್ರಕರಣ

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ 30×40 ಸೈಟು. ಕೆಳಗೆ ಪಾರ್ಕಿಂಗಿಗೆ ನೆಲಮಾಳಿಗೆ, ಮೇಲೆ ಮೂರು ಅಂತಸ್ತು. ಕೆಲಸದ ಒಟ್ಟು ಮೌಲ್ಯ ₹90 ಲಕ್ಷ. ಅದರಲ್ಲಿ ₹30 ಲಕ್ಷದ ಸಿಮೆಂಟು, ಕಬ್ಬಿಣವನ್ನು ಮನೆ ಮಾಲೀಕರೇ ತರಿಸಿಕೊಡುವ ಮಾತು; ಉಳಿದ ₹60 ಲಕ್ಷ ಗುತ್ತಿಗೆದಾರರ ಬಿಲ್ಲು. ಎಡಕ್ಕೆ 26 ವರ್ಷದ ಎರಡಂತಸ್ತಿನ ಮನೆ. ಪಿಲ್ಲರ್ ಇಲ್ಲ, ಸೈಜುಗಲ್ಲಿನ ಪಾಯದ ಮೇಲೆ ಗೋಡೆಯೇ ಭಾರ ಹೊರುವ ಕಟ್ಟಡ. ಅದರ ಹಿಂಭಾಗದ ಬಚ್ಚಲುಮನೆ ಗಡಿಗೆ ಒತ್ತಿಕೊಂಡೇ ಇದೆ.

ಇದು ಯಾರೋ ಒಬ್ಬರ ಕಥೆಯಲ್ಲ. ನಗರದ ಸಣ್ಣ ಸೈಟುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ನಿವೇಶನಕ್ಕೆ ತಂದು, ಲೆಕ್ಕ ಬಿಡಿಸಲು ಅನುಕೂಲವಾಗುವಂತೆ ಅಂಕಿಗಳನ್ನು ಹಿಡಿದ ಮಾದರಿ ಪ್ರಕರಣ. ಘಟನೆಯನ್ನು 2024ರ ಅಕ್ಟೋಬರಿಗೆ ಇಟ್ಟಿದ್ದೇವೆ. ಪಾಲಿಸಿಯ ಷರತ್ತುಗಳು, ಕಾನೂನಿನ ಕಲಮುಗಳು ಮಾತ್ರ ಇರುವಂಥವೇ.

ಗುತ್ತಿಗೆದಾರರ ಬಳಿ ಎರಡು ಪಾಲಿಸಿ ಇದ್ದವು. ಒಂದು ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್, ಬಾಯಿಮಾತಿನಲ್ಲಿ ಸಿಎಆರ್. ಇನ್ನೊಂದು ಕಾರ್ಮಿಕರ ಪರಿಹಾರದ್ದು. ವರ್ಕ್‌ಮೆನ್ಸ್ ಕಾಂಪೆನ್ಸೇಶನ್ ಎಂಬ ಹಳೆಯ ಹೆಸರು ಹಿಡಿದು ಈಗಲೂ ಎಲ್ಲರೂ ಡಬ್ಲ್ಯೂಸಿ ಪಾಲಿಸಿ ಅಂತಲೇ ಕರೆಯುತ್ತಾರೆ. ಎರಡಕ್ಕೂ ಪ್ರೀಮಿಯಂ ಕಟ್ಟಿಯಾಗಿತ್ತು, ಎರಡೂ ಚಾಲ್ತಿಯಲ್ಲಿದ್ದವು. ಹಾಗಿದ್ದೂ ಹತ್ತಿರ ಹತ್ತಿರ ₹20 ಲಕ್ಷ ಅವರ ಕೈಯಿಂದ ಹೋಯಿತು. ಕ್ಲೇಮಿನ ಗತಿ ಏನೆಂಬುದು ಮಣ್ಣು ಜಾರಿದ ರಾತ್ರಿ ತೀರ್ಮಾನವಾದದ್ದಲ್ಲ, ಜೆಸಿಬಿ ಮೊದಲ ಬಕೆಟ್ ಹಾಕುವ ಮೊದಲೇ ತೀರ್ಮಾನವಾಗಿತ್ತು.

ಮಣ್ಣು ಜಾರಿದ್ದು ಹೇಗೆ

ಹತ್ತು ಅಡಿ, ಅಂದರೆ ಮೂರು ಮೀಟರ್ ಆಳ. ಎರಡೇ ದಿನದಲ್ಲಿ ಇಡೀ ಸೈಟನ್ನು ಒಂದೇ ಸಲ ಅಗೆದರು. ಬೆಂಗಳೂರಿನ ಕೆಮ್ಮಣ್ಣು ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ನೋಡಿಯೇ ಆಸರೆ ಬೇಡವೆಂದು ಬಿಡುವವರು ಹೆಚ್ಚು. ಆದರೆ ಗಡಿಯಂಚಿನ ಮಣ್ಣು ಹುಟ್ಟು ಮಣ್ಣಲ್ಲ. ಪಕ್ಕದ ಮನೆಯ ಪಾಯ ತೋಡಿದಾಗ ಹಿಂತುಂಬಿದ ಸಡಿಲ ಮಣ್ಣು ಅದು. ಮೇಲಿಂದ ಆ ಬಚ್ಚಲಿನ ಹಳೆಯ ಕೊಳವೆ ಸಂದಿನಲ್ಲಿ ಸೋರುತ್ತಿತ್ತು. ಅಗೆದ ಮಣ್ಣನ್ನು ಲಾರಿ ಬರುವವರೆಗೆ ಅಂತ ಗುಂಡಿಯ ಅಂಚಿಗೇ ರಾಶಿ ಹಾಕಿದ್ದರು.

ಅಗೆತದ ಸುರಕ್ಷತೆಗೆ ಇರುವ ಭಾರತೀಯ ಮಾನಕ ಐಎಸ್ 3764. ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಆಸರೆ ಕೊಡಬೇಕು, ಅಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಇಡಬೇಕು ಎನ್ನುತ್ತದೆ. ಇಲ್ಲಿ ಎರಡೂ ಆಗಿರಲಿಲ್ಲ. ನಾಲ್ಕನೇ ದಿನ ಸಂಜೆ ಎರಡು ಗಂಟೆ ಮಳೆ ಹೊಯ್ದಿತು. ಮಳೆ ನಿಂತ ಮೇಲೆ ಪಾಯದ ಬುಡದ, ಅಂದರೆ ಫುಟಿಂಗ್ ಕಬ್ಬಿಣ ನೀರಿನಲ್ಲಿ ಮುಳುಗಿದೆಯೆಂದು, ಕಬ್ಬಿಣ ಬಗ್ಗಿಸಿ ಕಟ್ಟುವ ಬಾರ್ ಬೆಂಡಿಂಗ್ ತಂಡದ ಇಬ್ಬರು ಪಂಪ್ ಹಿಡಿದು ಕೆಳಗಿಳಿದರು. ಎಡಮಗ್ಗುಲು ಬುಡದಲ್ಲಿ ಮೆತ್ತಗಾಗಿ, ಮೇಲಿನ ರಾಶಿಯ ಸಮೇತ ಒಳಕ್ಕೆ ಬಂತು. ಪಕ್ಕದ ಕಾಂಪೌಂಡ್ ಗೋಡೆ ಅದರ ಜೊತೆಗೇ ಮಗುಚಿತು. ಹತ್ತು ನಿಮಿಷದಲ್ಲಿ ಬಚ್ಚಲುಮನೆಯ ಮೂಲೆ ಕುಸಿಯಿತು.

ಕೆಳಗಿದ್ದ 32 ವರ್ಷದ ಕೆಲಸಗಾರನ ಸೊಂಟ ಮತ್ತು ಕಾಲಿನ ಮೂಳೆ ಮುರಿಯಿತು. ಪಕ್ಕದ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದ ಹೆಂಗಸಿನ ಕಾಲು ಮುರಿಯಿತು. ಕಾಂಪೌಂಡ್ ಒಳಗೆ ನಿಲ್ಲಿಸಿದ್ದ ಸ್ಕೂಟರ್ ಕಲ್ಲಿನಡಿ ಸಿಕ್ಕಿತು. ನಡುಮನೆಯ ಗೋಡೆಗಳಲ್ಲಿ ಮೂಲೆಯಿಂದ ಮೂಲೆಗೆ ಬಿರುಕು.

ಪಕ್ಕದವರ ಲೆಕ್ಕ

ಕಾಂಪೌಂಡ್ ಗೋಡೆ ₹1,10,000. ಬಚ್ಚಲು ಮತ್ತು ಹಿತ್ತಲಿನ ಭಾಗ ₹3,40,000. ಬಿರುಕು ತುಂಬಿ ಪ್ಲಾಸ್ಟರ್, ಪೇಂಟ್ ಮಾಡಲು ₹1,85,000. ತಾತ್ಕಾಲಿಕ ಆಸರೆ, ಎಂಜಿನಿಯರ್ ತಪಾಸಣೆ ₹60,000. ಮೂರು ತಿಂಗಳು ಕೈತಪ್ಪಿದ ಬಾಡಿಗೆ ₹42,000. ಬಾಡಿಗೆದಾರರ ಆಸ್ಪತ್ರೆ ಖರ್ಚು ಮತ್ತು ದುಡಿಮೆ ನಷ್ಟ ₹1,65,000. ಸ್ಕೂಟರ್ ₹38,000. ಒಟ್ಟು ₹9,40,000.

ಇದನ್ನು ಕೇಳುವ ಹಕ್ಕು ಅವರಿಗೆ ಇದೆಯೇ? ಗಟ್ಟಿಯಾಗಿಯೇ ಇದೆ. ಅಕ್ಕಪಕ್ಕದ ನೆಲ ಕೊಡುವ ಸಹಜ ಆಸರೆ ಪ್ರತಿ ನೆಲದ ಒಡೆಯನ ಹಕ್ಕು ಎಂದು 1882ರ ಭಾರತೀಯ ಅನುಭೋಗ ಕಾಯ್ದೆಯ 7ನೇ ಕಲಮು ಹೇಳುತ್ತದೆ. ಕಟ್ಟಡಕ್ಕೆ ಆ ಆಸರೆ 20 ವರ್ಷ ಅಡ್ಡಿಯಿಲ್ಲದೆ ಸಿಕ್ಕಿದ್ದರೆ 15ನೇ ಕಲಮಿನಡಿ ಅದೂ ಹಕ್ಕಾಗಬಲ್ಲದು. ಆ ಮನೆಗೆ 26 ವರ್ಷ. ಇದರ ಮೇಲೆ ನಿರ್ಲಕ್ಷ್ಯದ ದಾವೆ ಬೇರೆ. 'ನಿಮ್ಮ ಪಾಯವೇ ಹಳೇದು' ಎಂಬ ಮಾತು ಇಲ್ಲಿ ಹೆಚ್ಚು ದೂರ ಹೋಗುವುದಿಲ್ಲ.

ಸಿಎಆರ್ ಪಾಲಿಸಿಯಲ್ಲಿ ಎರಡು ಭಾಗ. ಮೊದಲನೆಯದು ಕಟ್ಟುತ್ತಿರುವ ಕೆಲಸಕ್ಕೇ ಆಗುವ ಹಾನಿಗೆ. ಎರಡನೆಯದು ಹೊರಗಿನವರ ಆಸ್ತಿಗೆ, ದೇಹಕ್ಕೆ ಆಗುವ ಹಾನಿಯ ಹೊಣೆಗೆ, ಅಂದರೆ ಥರ್ಡ್ ಪಾರ್ಟಿ. ಎಷ್ಟೋ ಸಣ್ಣ ಪಾಲಿಸಿಗಳಲ್ಲಿ ಈ ಎರಡನೇ ಭಾಗದ ಎದುರು ಏನನ್ನೂ ಬರೆದೇ ಇರುವುದಿಲ್ಲ. ಇವರ ಶೆಡ್ಯೂಲಿನಲ್ಲಿ, ಅಂದರೆ ಪಾಲಿಸಿಯ ಮೊತ್ತ ಮತ್ತು ಮಿತಿಗಳ ಪಟ್ಟಿಯಲ್ಲಿ, ಬರೆದಿತ್ತು: ಒಂದು ಅಪಘಾತಕ್ಕೆ ₹10 ಲಕ್ಷ, ಇಡೀ ಅವಧಿಗೂ ₹10 ಲಕ್ಷ. ಆದ್ದರಿಂದ ₹9,40,000 ಪೂರ್ತಿ ಬರುತ್ತದೆಂದು ಅವರು ನಂಬಿದ್ದರು.

ಆದರೆ ಎರಡನೇ ಭಾಗದ ಹೊರಗಿಡುವ ಷರತ್ತುಗಳಲ್ಲಿ ಒಂದು ಸಾಲಿದೆ. ಕಂಪನದಿಂದ, ಅಥವಾ ಆಸರೆ ತೆಗೆದದ್ದರಿಂದ ಇಲ್ಲವೇ ದುರ್ಬಲಗೊಳಿಸಿದ್ದರಿಂದ ಆಸ್ತಿಗೆ, ನೆಲಕ್ಕೆ, ಕಟ್ಟಡಕ್ಕೆ ಆಗುವ ಹಾನಿ ಈ ಪಾಲಿಸಿಯಲ್ಲಿಲ್ಲ. ಅಂಥ ಹಾನಿಯಿಂದ ಯಾರಿಗಾದರೂ ಆಗುವ ಗಾಯವೂ ಇಲ್ಲ. ಪಕ್ಕದ ಮಣ್ಣು ಜಾರಿತು ಎಂದರೆ ಆಸರೆ ಹೋಯಿತು ಎಂದೇ ಅರ್ಥ. ಗೋಡೆ, ಬಚ್ಚಲು, ಸ್ಕೂಟರ್, ಆ ಹೆಂಗಸಿನ ಕಾಲು, ಎಲ್ಲವೂ ಈ ಒಂದೇ ಸಾಲಿನಡಿ ಹೊರಗೆ ಬಿದ್ದವು. ಸಿಕ್ಕಿದ್ದು ಸೊನ್ನೆ. ನಗರದೊಳಗೆ ಗಡಿಗೆ ಒತ್ತಿ ಅಗೆಯುವವರಿಗೆ ಬರುವ ಅತಿ ದೊಡ್ಡ ಹೊಣೆ ಯಾವುದೋ ಅದನ್ನೇ ಮೂಲ ಪಾಲಿಸಿ ಬಿಟ್ಟಿರುತ್ತದೆ. ಈ ಮಾತನ್ನು ಪಾಲಿಸಿ ಮಾರುವಾಗಲೇ ಬಿಡಿಸಿ ಹೇಳಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಆ ಎಂಡಾರ್ಸ್‌ಮೆಂಟ್ ಇದ್ದಿದ್ದರೆ?

ಬಿಟ್ಟದ್ದನ್ನು ಮತ್ತೆ ಒಳಕ್ಕೆ ತರಲು ಮೂಲ ಪಾಲಿಸಿಗೆ ಸೇರಿಸುವ ಹೆಚ್ಚುವರಿ ಷರತ್ತು, ಅಂದರೆ ಎಂಡಾರ್ಸ್‌ಮೆಂಟ್ ಇದೆ: 'ಕಂಪನ, ಆಸರೆ ತೆಗೆಯುವಿಕೆ ಅಥವಾ ದುರ್ಬಲಗೊಳಿಸುವಿಕೆ'. ವಿಮೆಯವರು ಅದನ್ನು ಎಂಆರ್ 120 ಎಂದು ಸಂಖ್ಯೆ ಹಿಡಿದೇ ಕರೆಯುತ್ತಾರೆ. ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಪಾವತಿಗೆ ಎರಡನೇ ಭಾಗದೊಳಗೇ ಕಡಿಮೆ ಮೊತ್ತದ ಉಪಮಿತಿ ಇಟ್ಟಿರಬಹುದು, ಅದನ್ನು ಕೇಳಿಯೇ ತಿಳಿಯಬೇಕು. ಆದರೆ ಇದನ್ನು ಕೊಂಡ ಮಾತ್ರಕ್ಕೆ ನಿಶ್ಚಿಂತೆಯಲ್ಲ. ಅದರ ಮಾತುಗಳು ಬಿಗಿಯಾಗಿವೆ.

ಆಸ್ತಿಯ ಹಾನಿಗೆ ಹಣ ಬರುವುದು ಕಟ್ಟಡ ಪೂರ್ತಿಯಾಗಿಯೋ ಭಾಗಶಃವೋ ಕುಸಿದಾಗ ಮಾತ್ರ. ಕಟ್ಟಡದ ಸ್ಥಿರತೆಗೂ ಇರುವವರ ಜೀವಕ್ಕೂ ಧಕ್ಕೆ ತರದ ಮೇಲ್ಮೈ ಹಾನಿ ಸೇರುವುದಿಲ್ಲ. ಪಕ್ಕದ ಮನೆಯವರು ಮೊದಲು ದೂರುವುದೇ ಬಿರುಕು. ಎಂಆರ್ 120 ಕೊಡದೆ ಇರುವುದೂ ಅದನ್ನೇ. ಆದ್ದರಿಂದ ಬಿರುಕು ದುರಸ್ತಿಗೆಂದು ಗುತ್ತಿಗೆದಾರರು ತಮ್ಮ ಅಂದಾಜಿನಲ್ಲಿಯೇ ಒಂದು ಮೊತ್ತ ತೆಗೆದಿಡಬೇಕು.

ಕೆಲಸದ ರೀತಿ ನೋಡಿದರೆ ಆಗಿಯೇ ತೀರುತ್ತದೆ ಎಂದು ಮೊದಲೇ ಊಹಿಸಬಹುದಾದ ಹಾನಿಗೂ ಹಣವಿಲ್ಲ. ಅಕ್ಟೋಬರ್ ಮಳೆಯಲ್ಲಿ ಆಸರೆಯಿಲ್ಲದೆ ಮೂರು ಮೀಟರ್ ನೆಟ್ಟಗೆ ಕಡಿದರೆ, ನಷ್ಟ ಅಳೆಯಲು ಬರುವ ಸರ್ವೇಯರ್ ಎತ್ತಿ ಹಿಡಿಯುವುದು ಈ ಮಾತನ್ನೇ. ಅವಧಿಯೊಳಗೆ ಹಾನಿ ತಡೆಯಲು ಕೊಟ್ಟ ಆಸರೆಯ ಖರ್ಚೂ ಹೊರಗೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಕೆಲಸ ಆರಂಭಕ್ಕೆ ಮೊದಲು ಪಕ್ಕದ ಕಟ್ಟಡ ಸುಸ್ಥಿತಿಯಲ್ಲಿರಬೇಕು, ತಡೆ ಕ್ರಮಗಳು ಆಗಿರಬೇಕು, ಅಪಾಯದಂಚಿನ ಕಟ್ಟಡದ ಸ್ಥಿತಿಯ ಬಗ್ಗೆ ವಿಮೆ ಕೊಂಡವರು, ಅಂದರೆ ಗುತ್ತಿಗೆದಾರರು, ಸ್ವಂತ ಖರ್ಚಿನಲ್ಲಿ ವರದಿ ಮಾಡಿಸಿರಬೇಕು.

ಈ ಎಲ್ಲ ಷರತ್ತು ಪೂರೈಸಿದ್ದರೆ ಗೋಡೆ, ಬಚ್ಚಲು, ಗಾಯ, ಸ್ಕೂಟರ್ ಸೇರಿ ₹6,53,000 ಕ್ಲೇಮಿಗೆ ಬರುತ್ತಿತ್ತು. ಶೆಡ್ಯೂಲಿನಲ್ಲಿದ್ದ ₹25,000 ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲಿ ವಿಮೆ ಕೊಂಡವರೇ ಹೊರಬೇಕಾದ ಮೊದಲ ಪಾಲು, ಕಳೆದರೆ ₹6,28,000. ಹಳೆಯ ಕಟ್ಟಡವೆಂದು ಸರ್ವೇಯರ್ ಸವಕಳಿ ಹಿಡಿದರೆ ಇನ್ನಷ್ಟು ಇಳಿಯುತ್ತದೆ. ಬಾಡಿಗೆ ನಷ್ಟ ವಾದಕ್ಕೆ ಬೀಳುವ ಬಾಬತ್ತು. ಬಿರುಕು ಮತ್ತು ಆಸರೆಯ ₹2,45,000 ಹೇಗಿದ್ದರೂ ಗುತ್ತಿಗೆದಾರರದ್ದೇ.

ಸ್ಥಿತಿ ವರದಿ ಮಾಡುವ ಬಗೆ

ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದರೆ ವರದಿಯಾಗುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಮಾಡಿಸಿ, ಸಹಿ ಮತ್ತು ದಿನಾಂಕ ಹಾಕಿಸಬೇಕು. ಗಡಿಯ ಕಡೆಯ ಕೋಣೆಗಳಿಂದ ಶುರುಮಾಡಿ ಪ್ರತಿ ಗೋಡೆ, ಸೂರು, ನೆಲದ ಚಿತ್ರ. ಈಗಾಗಲೇ ಇರುವ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೀಟು ಎಳೆದು ದಿನಾಂಕ ಬರೆಯಬೇಕು, ಬಿರುಕಿನ ಅಗಲವನ್ನು ಗೇಜ್ ಇಟ್ಟು ಮಿಲಿಮೀಟರಿನಲ್ಲಿ ಅಳೆಯಬೇಕು. ದೊಡ್ಡ ಬಿರುಕುಗಳ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸಿನಿಂದ ಅಂಟಿಸಿ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಒಡೆದ ದಿನವೇ ಅಗೆತ ನಿಲ್ಲಿಸಬಹುದು. ಹಣ ಉಳಿಸುವುದಕ್ಕಿಂತ ಮೊದಲು ಜೀವ ಉಳಿಸುವ ಸಾಧನ ಅದು. ಪಾಯದ ಆಳ ತಿಳಿಯಲು ಗಡಿಯಲ್ಲಿ ಒಂದು ಸಣ್ಣ ಪರೀಕ್ಷಾ ಗುಂಡಿ ತೋಡಬೇಕು. ಬಚ್ಚಲು ಕೊಳವೆ, ಹಳೆಯ ಇಂಗುಗುಂಡಿ, ಸಂಪು ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಗುರುತು ಹಾಕಬೇಕು. ಈ ಪ್ರಕರಣದಲ್ಲಿ ಸೋರುವ ಕೊಳವೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಕೊನೆಗೆ ಮನೆಯವರ ಸಹಿ. 'ನೋಡಿ ಅಮ್ಮ, ಈಗ ಹೇಗಿದೆ ಅಂತ ಬರೆದಿಟ್ಟುಕೊಂಡರೆ ನಾಳೆ ನಿಮಗೂ ದಾಖಲೆ, ನಮಗೂ ದಾಖಲೆ' ಎಂದರೆ ಬಹುಪಾಲು ಜನ ಬಾಗಿಲು ತೆಗೆಯುತ್ತಾರೆ. ತೆಗೆಯದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ, ಹೊರಗಿನಿಂದ ಆದಷ್ಟು ದಾಖಲಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ವರದಿಯ ಪ್ರತಿಯನ್ನು ಅಗೆಯುವ ಮೊದಲೇ ವಿಮಾ ಕಂಪನಿಗೆ ಇಮೇಲ್ ಮಾಡಿ. ಇಮೇಲಿನ ದಿನಾಂಕವೇ ಸಾಕ್ಷಿ.

ಅಗೆತವನ್ನೂ ಗಡಿಯ ಕಡೆ ಸುಮಾರು ಒಂದೂವರೆ ಮೀಟರ್ ಅಗಲದ ಪಟ್ಟಿಗಳಾಗಿ, ನಡುವೆ ಮಣ್ಣು ಬಿಟ್ಟು ಬಿಟ್ಟು ಮಾಡಬೇಕು. ಅಗೆದ ಪಟ್ಟಿಯಲ್ಲಿ ತಡೆಗೋಡೆ ಎದ್ದು ನಿಂತ ಮೇಲೆ ಬಿಟ್ಟದ್ದಕ್ಕೆ ಕೈ ಹಾಕುವುದು. ನಿಧಾನ, ನಿಜ. ಪ್ರತಿ ಪಟ್ಟಿಯ ಚಿತ್ರ ತೆಗೆದಿಟ್ಟರೆ 'ಮೊದಲೇ ಊಹಿಸಬಹುದಿತ್ತು' ಎಂಬ ಆಕ್ಷೇಪಕ್ಕೆ ಅದೇ ಉತ್ತರ.

ಕೆಲಸಗಾರನ ಪರಿಹಾರ

ಗಾಯಗೊಂಡ ಕೆಲಸಗಾರ ಥರ್ಡ್ ಪಾರ್ಟಿ ಅಲ್ಲ. ಗುತ್ತಿಗೆದಾರರ, ಮಾಲೀಕರ, ಆ ಕೆಲಸಕ್ಕೆ ಸಂಬಂಧಿಸಿದ ಬೇರೆ ಯಾವುದೇ ಸಂಸ್ಥೆಯ ನೌಕರರ ಗಾಯವನ್ನು ಸಿಎಆರ್ ಎರಡನೇ ಭಾಗ ಹೊರಗಿಡುತ್ತದೆ. ಅದಕ್ಕಿರುವುದು ಡಬ್ಲ್ಯೂಸಿ ಪಾಲಿಸಿ.

ಘಟನೆಯ ಕಾಲಕ್ಕೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕ ಹೀಗೆ. ದಿನಗೂಲಿ ₹900 ಇದ್ದರೂ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ ₹15,000. 2020ರ ಜನವರಿಯಿಂದ ಈ ಮಿತಿ. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಅದರ ಶೇ 60, ಅಂದರೆ ₹9,000. 32 ವರ್ಷಕ್ಕೆ ಕಾಯ್ದೆಯ ಪಟ್ಟಿಯ ಗುಣಕ 203.85. ಗುಣಿಸಿದರೆ ₹18,34,650. ದುಡಿಯುವ ಶಕ್ತಿ ಶೇ 40 ಹೋಗಿದೆ ಎಂದು ವೈದ್ಯರು ಬರೆದುಕೊಟ್ಟರೆ ಪರಿಹಾರ ₹7,33,860. ಚಿಕಿತ್ಸೆಯ ನಿಜ ಖರ್ಚನ್ನೂ ಕೆಲಸಕ್ಕೆ ಇಟ್ಟುಕೊಂಡವನೇ ಕೊಡಬೇಕು; ಇಲ್ಲಿ ಅದು ₹2,10,000. ಪಾಲಿಸಿಯಲ್ಲಿ ವೈದ್ಯಕೀಯ ವಿಸ್ತರಣೆ ಬೇರೆಯಾಗಿ ಕೊಂಡಿರದಿದ್ದರೆ ಆ ಭಾಗ ಬರುವುದಿಲ್ಲ.

ಇವರ ಪಾಲಿಸಿಯಲ್ಲಿ ಸ್ವಂತ ಎಂಟು ಮಂದಿ ಮಾತ್ರ. ಗಾಯಗೊಂಡವನು ಬಾರ್ ಬೆಂಡಿಂಗ್ ಮೇಸ್ತ್ರಿಯ ಕಡೆಯವನು. ಒಳಗುತ್ತಿಗೆಯವರ ಕೆಲಸಗಾರರನ್ನು ಸೇರಿಸುವ ಎಂಡಾರ್ಸ್‌ಮೆಂಟ್ ಇರಲಿಲ್ಲ. ಕಂಪನಿ ಕ್ಲೇಮ್ ನಿರಾಕರಿಸಿತು. ಆದರೆ ಕಾಯ್ದೆಯ 12ನೇ ಕಲಮಿನ ಪ್ರಕಾರ, ತನ್ನ ವ್ಯಾಪಾರದ ಭಾಗವಾದ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದವನೂ ಆ ಕೆಲಸಗಾರನಿಗೆ ಹೊಣೆ. ಕೊಟ್ಟ ಹಣವನ್ನು ಮೇಸ್ತ್ರಿಯಿಂದ ವಸೂಲಿ ಮಾಡುವ ಹಕ್ಕೇನೋ ಇದೆ. ಏಳು ಲಕ್ಷ ಮೇಸ್ತ್ರಿ ಎಲ್ಲಿಂದ ತಂದಾನು? ಸ್ವಂತಕ್ಕೆ ಮನೆ ಕಟ್ಟಿಸುವ ಮಾಲೀಕರಿಗೆ ಕಟ್ಟಡ ಕೆಲಸ ವ್ಯಾಪಾರವಲ್ಲವಾದ್ದರಿಂದ ಈ ಕಲಮು ಸಾಮಾನ್ಯವಾಗಿ ಅವರನ್ನು ಹಿಡಿಯುವುದಿಲ್ಲ.

ಪರಿಹಾರ ಒಂದು ತಿಂಗಳು ಮೀರಿದರೆ ವರ್ಷಕ್ಕೆ ಶೇ 12 ಬಡ್ಡಿ. ಈ ಮೊತ್ತಕ್ಕೆ ₹88,063. ಸಕಾರಣವಿಲ್ಲದೆ ತಡೆದರೆ ಶೇ 50ರವರೆಗೆ ದಂಡ. ಬಡ್ಡಿ, ದಂಡ ಎರಡನ್ನೂ ಪಾಲಿಸಿಯ ಒಪ್ಪಂದದಲ್ಲಿ ಹೊರಗಿಡಲು ಕಂಪನಿಗೆ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಹಾಗಾಗಿ ತಡ ಮಾಡಿದ್ದರ ಬೆಲೆ ಗುತ್ತಿಗೆದಾರರ ಜೇಬಿಗೇ. ಕೆಲಸಗಾರನಿಂದ ಬಿಳಿ ಹಾಳೆಯ ಮೇಲೆ ಸಹಿ ಹಾಕಿಸಿಕೊಂಡು ಒಂದಿಷ್ಟು ಕೈಗಿಟ್ಟು ಮುಗಿಸುವ ರೂಢಿ ತಪ್ಪು. ಒಪ್ಪಂದವನ್ನು 28ನೇ ಕಲಮಿನಡಿ ಆಯುಕ್ತರ ಬಳಿ ನೋಂದಾಯಿಸದಿದ್ದರೆ ಅದು ನಿಲ್ಲುವುದಿಲ್ಲ; ಅದಕ್ಕಿಂತ ಮೊದಲು ಅದು ಅವನಿಗೆ ಮಾಡುವ ಅನ್ಯಾಯ.

ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬಂದ ಕೆಲಸಗಾರನಿಗೆ ಸೌಲಭ್ಯ ಅಲ್ಲಿಂದ. ಈ ಕಾಯ್ದೆಯ ಪರಿಹಾರ ಮತ್ತೆ ಇಲ್ಲ. ಕಟ್ಟಡ ಕಾರ್ಮಿಕರ ಮಂಡಳಿಗೆ ಕಟ್ಟುವ ಶೇ 1 ಸೆಸ್ ವಿಮೆಯಲ್ಲ. ಮಂಡಳಿಯ ನೆರವು ನೋಂದಾಯಿತ ಕಾರ್ಮಿಕನಿಗೆ ಸಲ್ಲುತ್ತದೆ, ಗುತ್ತಿಗೆದಾರರ ಹೊಣೆ ಇಳಿಸುವುದಿಲ್ಲ. 2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೊಸ ಪಾಲಿಸಿ ಕೊಳ್ಳುವಾಗ ಅದರ ಹೆಸರು ಪಾಲಿಸಿಯಲ್ಲಿ ಇದೆಯೇ ಎಂದು ನೋಡಿ.

ಪರಿಹಾರಕ್ಕೆ ಆಧಾರ ಹಾಜರಿ ಪುಸ್ತಕ. ಎಂಟು ಮಂದಿಗೆ ಪ್ರೀಮಿಯಂ ಕಟ್ಟಿ ಹದಿನೇಳು ಮಂದಿಯನ್ನು ಕೆಲಸಕ್ಕೆ ಹಚ್ಚಿದರೆ, ಕೂಲಿ ಕಡಿಮೆ ತೋರಿಸಿದರೆ ಕ್ಲೇಮಿನ ದಿನ ಅದೇ ಪುಸ್ತಕ ಎದುರು ಸಾಕ್ಷಿಯಾಗುತ್ತದೆ. ಪ್ರತಿ ಒಳಗುತ್ತಿಗೆಯ ಹೆಸರು, ಕೆಲಸದ ಬಗೆ, ಅಂದಾಜು ಕೂಲಿ ಪಾಲಿಸಿಯಲ್ಲಿ ಬರಬೇಕು.

ಸ್ವಂತ ಕೆಲಸದ ನಷ್ಟದಲ್ಲೂ ಕಡಿತ

ಮಣ್ಣಿನಡಿ ಹೋದ ಬೆಡ್ ಕಾಂಕ್ರೀಟು, ಫುಟಿಂಗ್ ಕಬ್ಬಿಣ ಸೇರಿ ನಷ್ಟ ₹1,80,000. ಇದು ಮೊದಲನೇ ಭಾಗದಲ್ಲಿ ಬರುತ್ತದೆ. ಆದರೆ ವಿಮಾ ಮೊತ್ತ ₹60 ಲಕ್ಷ ಮಾತ್ರ ಬರೆಸಿದ್ದರು, ತಮ್ಮ ಬಿಲ್ಲಿನಷ್ಟು. ಮಾಲೀಕರು ತರಿಸಿದ ಸಾಮಗ್ರಿಯೂ ಸೇರಿ ಪೂರ್ತಿ ₹90 ಲಕ್ಷ ಬರೆಸಬೇಕಿತ್ತು. ಮೂರರಲ್ಲಿ ಎರಡು ಪಾಲಿಗೆ ವಿಮೆ, ಆದ್ದರಿಂದ ಹಣವೂ ಮೂರರಲ್ಲಿ ಎರಡು ಪಾಲು: ₹1,20,000. ಅದರಲ್ಲಿ ಕುಸಿತಕ್ಕೆ ಇರುವ ₹50,000 ಎಕ್ಸೆಸ್ ಕಳೆದು ಕೈಗೆ ಬಂದದ್ದು ₹70,000. ಹೊಸದಾಗಿ ಕೊಟ್ಟ ಆಸರೆಯ ಖರ್ಚಿಗೆ ಹಣವಿಲ್ಲ, ಅದು ಮೊದಲೇ ಇರಬೇಕಾಗಿದ್ದದ್ದು.

ಪಕ್ಕದವರ ₹9,40,000, ಕೆಲಸಗಾರನ ₹7,33,860, ಆಸ್ಪತ್ರೆ ₹2,10,000, ಸ್ವಂತ ಕೆಲಸದಲ್ಲಿ ಬಾರದ ₹1,10,000. ಒಟ್ಟು ₹19,93,860.

ಆ ರಾತ್ರಿಯ ಮುಚ್ಚಳಿಕೆ

ರಾತ್ರಿ ಹತ್ತಕ್ಕೆ ಬೀದಿಯವರೆಲ್ಲ ಸೇರಿ ಪಂಚಾಯಿತಿ ನಡೆಯಿತು. ಗುತ್ತಿಗೆದಾರರು ಬರೆದುಕೊಟ್ಟರು: 'ನನ್ನ ತಪ್ಪಿನಿಂದ ಆಗಿದೆ, ಎಲ್ಲವನ್ನೂ ನಾನೇ ಕಟ್ಟಿಸಿಕೊಡುತ್ತೇನೆ.' ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಗೆ, ಭರವಸೆ, ಹಣದ ಮಾತು ಕೂಡದೆಂಬುದು ಪಾಲಿಸಿಯ ಷರತ್ತು. ಎಂಆರ್ 120 ಇದ್ದಿದ್ದರೂ ಈ ಕಾಗದ ಅದನ್ನು ಕೆಡಿಸುತ್ತಿತ್ತು. ಅದೇ ರೀತಿ, ಮಾಲೀಕರ ಜೊತೆಗಿನ ಕರಾರಿನಲ್ಲಿ 'ಅಕ್ಕಪಕ್ಕದ ಯಾವುದೇ ಹಾನಿಗೆ ಗುತ್ತಿಗೆದಾರನೇ ಹೊಣೆ' ಎಂದು ಬರೆದುಕೊಂಡಿದ್ದರೆ, ಕಾನೂನಿನಂತೆ ಬರುವ ಹೊಣೆಗಿಂತ ಹೆಚ್ಚಿಗೆ ಒಪ್ಪಿಕೊಂಡ ಭಾಗಕ್ಕೆ ವಿಮೆಯಿಲ್ಲ.

ಹಾಗೆಂದು ಕೈಕಟ್ಟಿ ನಿಲ್ಲಬೇಕೆಂದಲ್ಲ. ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸುವುದು, ಗೋಡೆಗೆ ಆಸರೆ ಕೊಡುವುದು, ಮನೆಯವರನ್ನು ಬೇರೆಡೆ ಇರಿಸುವುದು ತಪ್ಪೊಪ್ಪಿಗೆಯಲ್ಲ. ಹಾನಿ ಹೆಚ್ಚದಂತೆ ನೋಡಿಕೊಳ್ಳಬೇಕೆಂದು ಪಾಲಿಸಿಯೇ ಕೇಳುತ್ತದೆ. ಕಾಗದ ಬೇಕೇ ಬೇಕೆಂದು ಹಿಡಿದರೆ ಇಷ್ಟು ಬರೆಯಬಹುದು: 'ನಿಮ್ಮ ಮನೆಗೆ ಹಾನಿಯಾಗಿರುವುದನ್ನು ನೋಡಿದ್ದೇವೆ. ಮುಂದೆ ಕುಸಿಯದಂತೆ ಆಸರೆ ಕೊಡಿಸುತ್ತಿದ್ದೇವೆ. ವಿಮಾ ಕಂಪನಿಗೆ ಇಂದೇ ತಿಳಿಸುತ್ತಿದ್ದೇವೆ. ಹೊಣೆ ಮತ್ತು ಮೊತ್ತ ಸರ್ವೆ ನಂತರ ತೀರ್ಮಾನವಾಗಬೇಕು.'

ಕಂಪನಿಗೆ ಅಂದೇ ಫೋನು, ಅದರ ಬೆನ್ನಿಗೇ ಇಮೇಲ್. ಸರ್ವೇಯರ್ ಬರುವವರೆಗೆ ಮಣ್ಣು ಎತ್ತಬಾರದು. ಜೀವಕ್ಕೆ ಅಪಾಯವೆಂದು ಎತ್ತಲೇಬೇಕಾದರೆ ವೀಡಿಯೊ ಮಾಡಿ ಎತ್ತಿ. ಗಂಭೀರ ಗಾಯವಾದರೆ ಏಳು ದಿನದೊಳಗೆ ಪರಿಹಾರ ಆಯುಕ್ತರಿಗೆ ವರದಿ ಕೊಡಬೇಕು. ಪೊಲೀಸ್ ಕೇಸು ಬೇರೆ ದಾರಿ. ಶಿಕ್ಷೆಯ ದಂಡವನ್ನು ಯಾವ ಪಾಲಿಸಿಯೂ ಕಟ್ಟುವುದಿಲ್ಲ.

ಮುಂದಿನ ಸೈಟಿಗೆ ಪಾಲಿಸಿ ಕೊಳ್ಳುವಾಗ

ಮಾಲೀಕರ ಹೆಸರನ್ನೂ ವಿಮೆ ಪಡೆದವರಾಗಿ ಸೇರಿಸಿ, ಜೊತೆಗೆ ಇಬ್ಬರಿಗೂ ಬೇರೆ ಬೇರೆ ಪಾಲಿಸಿ ಇದ್ದಂತೆ ಕಾಣುವ ಕ್ರಾಸ್ ಲಯಬಿಲಿಟಿ ಎಂಡಾರ್ಸ್‌ಮೆಂಟ್ ಕೇಳಿ. ಪಕ್ಕದವರು ದಾವೆ ಹಾಕುವುದು ಇಬ್ಬರ ಮೇಲೂ. ಜೆಸಿಬಿ ರಸ್ತೆಗೆ ನೋಂದಣಿಯಾದ ವಾಹನ. ಅದರಿಂದಾಗುವ ಅಪಘಾತ ಸಿಎಆರ್‌ನಲ್ಲಿಲ್ಲ, ಅದರ ಮೋಟಾರು ವಿಮೆಯ ಪ್ರತಿ ತೆಗೆದುಕೊಂಡೇ ಒಳಗೆ ಬಿಡಿ. ಎಂಜಿನಿಯರ್ ಕೊಟ್ಟ ವಿನ್ಯಾಸದ ದೋಷಕ್ಕೆ ಅವರ ವೃತ್ತಿ ಹೊಣೆ ವಿಮೆ ಬೇಕು. 'ಪಬ್ಲಿಕ್ ಲಯಬಿಲಿಟಿ' ಎಂಬ ಹೆಸರು ನೋಡಿ ಮೋಸಹೋಗಬೇಡಿ: 1991ರ ಆ ಹೆಸರಿನ ಕಾಯ್ದೆಯ ಪಾಲಿಸಿ ಅಪಾಯಕಾರಿ ವಸ್ತು ನಿರ್ವಹಿಸುವವರಿಗೆ, ಮನೆ ಕಟ್ಟುವವರಿಗಲ್ಲ.

ಕಟ್ಟಡ ಹಸ್ತಾಂತರವಾದ ಅಥವಾ ಬಳಕೆಗೆ ಬಿಟ್ಟ ಭಾಗಕ್ಕೆ ಸಿಎಆರ್ ಮುಗಿಯುತ್ತದೆ. ಕೆಳಗೆ ಅಂಗಡಿ ತೆರೆದು ಮೇಲೆ ಸೆಂಟ್ರಿಂಗ್ ನಡೆಯುತ್ತಿದ್ದರೆ ಕಂಪನಿಗೆ ಮೊದಲೇ ತಿಳಿಸಬೇಕು. ಕೆಲಸ ಮುಗಿಯುವುದು ತಡವಾದರೆ ಅವಧಿ ಮುಗಿಯುವ ಮುನ್ನವೇ ವಿಸ್ತರಿಸಿಕೊಳ್ಳಬೇಕು.

ಇದೆಲ್ಲದರ ಖರ್ಚನ್ನು ಚದರಡಿ ದರದೊಳಗೆ ಅಡಗಿಸಬೇಡಿ. ಕೊಟೇಶನ್ನಿನಲ್ಲಿ ಮೂರು ಸಾಲು ಬೇರೆಯಾಗಿ ಬರೆಯಿರಿ: ಪಕ್ಕದ ಕಟ್ಟಡದ ಸ್ಥಿತಿ ವರದಿ, ಗಡಿಯ ಆಸರೆ, ವಿಮೆ ಪ್ರೀಮಿಯಂ ಮತ್ತು ಶೇ 18 ಜಿಎಸ್‌ಟಿ. ಮಾಲೀಕರು ದರ ಇಳಿಸಿ ಎಂದು ಕೂತಾಗ ಈ ಮೂರನ್ನು ಬಿಟ್ಟು ಉಳಿದ ಸಾಲುಗಳ ಮೇಲೆ ಮಾತಾಡಿ.